ತೆರೆಯ ಹಿಂದಿನವರನ್ನು ಮಾತಾಡಿಸುವುದು ಹೇಗೆ?

ಬ್ರಿಟನ್ನಿನ ಸಿನಿಮಾ, ರೇಡಿಯೊ, ಟಿವಿ ಕಸುಬಿನವರ ನೆನಪುಗಳನ್ನು ಹಂತ ಹಂತವಾಗಿ ದಾಖಲಿಸುವ ಬಗೆ

1929ರಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಮೂಕಿಯಾಗಿ ಶುರು ಮಾಡಿದ 'ಬ್ಲ್ಯಾಕ್‌ಮೇಲ್' ಚಿತ್ರವನ್ನು ನಡುವೆಯೇ ಟಾಕಿಯಾಗಿ ಬದಲಿಸಬೇಕಾಯಿತು. ಆಗ ಒಂದು ಪೇಚು ಎದುರಾಯಿತು. ನಾಯಕಿ ಆ್ಯನಿ ಓಂಡ್ರಾ ಜೆಕ್ ನಟಿ. ಲಂಡನ್ನಿನ ಅಂಗಡಿಯವನ ಮಗಳ ಪಾತ್ರಕ್ಕೆ ಅವರ ಇಂಗ್ಲಿಷ್ ಹೊಂದುತ್ತಿರಲಿಲ್ಲ. ಆಮೇಲೆ ದನಿ ಕೂಡಿಸುವ ಸೌಕರ್ಯ ಆಗಿನ್ನೂ ಇರಲಿಲ್ಲ. ಹಾಗಾಗಿ ಜೋನ್ ಬ್ಯಾರಿ ಎಂಬ ನಟಿ ಫ್ರೇಮಿನಾಚೆ ಮೈಕ್ ಮುಂದೆ ನಿಂತು ಮಾತು ಹೇಳಿದರು, ಓಂಡ್ರಾ ತುಟಿ ಆಡಿಸಿದರು. ಚಿತ್ರವನ್ನು ಎಷ್ಟು ಸಲ ನೋಡಿದರೂ ಇದು ಕಾಣಿಸದು. ಸೆಟ್ಟಿನಲ್ಲಿದ್ದವರು ಬಾಯಿಬಿಟ್ಟರೆ ಮಾತ್ರ ತಿಳಿಯುವಂಥದ್ದು.

ಸಿನಿಮಾಕ್ಕಾದರೆ ರೀಲಾದರೂ ಉಳಿದಿದೆ, ಟಿವಿಯ ಕಥೆ ಇನ್ನೂ ಕಷ್ಟ. 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಬಿಬಿಸಿ ಟಿವಿ ಸೇವೆ ಶುರುವಾದಾಗ ಪ್ರಸಾರ ಬಹುಮಟ್ಟಿಗೆ ನೇರ. ಗಾಳಿಗೆ ಹೋದದ್ದು ಗಾಳಿಗೇ ಹೋಯಿತು. ಮುಂದೆ ವಿಡಿಯೊ ಟೇಪ್ ಬಂತು. ಆದರೆ ಅದು ದುಬಾರಿ ಸರಕು, ಒಮ್ಮೆ ಬಳಸಿದ್ದನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. 'ಡಾಕ್ಟರ್ ಹೂ'ನಂಥ ಜನಪ್ರಿಯ ಧಾರಾವಾಹಿಯ 1960ರ ದಶಕದ ಎಷ್ಟೋ ಕಂತುಗಳು ಇವತ್ತಿಗೂ ಸಿಕ್ಕಿಲ್ಲ. ಕಾರ್ಯಕ್ರಮವೇ ಇಲ್ಲದಿರುವಾಗ ಅದನ್ನು ಮಾಡಿದವರ ನೆನಪೇ ದಾಖಲೆ.

ಇದನ್ನು ಮೊದಲು ಮನಗಂಡವರು ಕಸುಬಿನವರೇ. 1980ರ ದಶಕದಲ್ಲಿ ರಾಯ್ ಫೌಲರ್ ಮುಂದಾಳತ್ವದಲ್ಲಿ, ಎಸಿಟಿಟಿ ಎಂಬ ಚಿತ್ರ-ಟಿವಿ ಕಾರ್ಮಿಕ ಸಂಘದ ಸದಸ್ಯರು ತಮ್ಮ ಹಿರಿಯರ ಮಾತುಗಳನ್ನು ಕ್ಯಾಸೆಟ್ಟಿಗೆ ಇಳಿಸತೊಡಗಿದರು. ಅದು ಈಗ 'ಬ್ರಿಟಿಷ್ ಎಂಟರ್‌ಟೇನ್‌ಮೆಂಟ್ ಹಿಸ್ಟರಿ ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ನಡೆಯುತ್ತಿದೆ, ಸಂದರ್ಶನಗಳು ನೂರಾರು ಆಗಿವೆ. ಇದನ್ನೆಲ್ಲ ಮಾಡಲು ವಿದ್ವಾಂಸರೇ ಆಗಬೇಕಿಲ್ಲ. ನೀವು ಸ್ಲೌ ಊರಿನಲ್ಲಿ ಮನೆ ಮಾಡಿರುವ ಐಟಿ ಕನ್ನಡಿಗರೆನ್ನಿ. ಪೈನ್‌ವುಡ್ ಸ್ಟುಡಿಯೊ ಅಲ್ಲಿಂದ ಕೂಗಳತೆ ದೂರ. ಪಕ್ಕದ ಮನೆಯ ತಾತ ಅಲ್ಲಿ ಮೂವತ್ತು ವರ್ಷ ಬಡಗಿಯಾಗಿದ್ದರೂ ಇರಬಹುದು. ಅವರನ್ನು ಮಾತಾಡಿಸುವ ಕ್ರಮ ಹೀಗೆ.

ಹಂತ 1: ಮೊದಲು ಕಿವಿಯಾಗಿ

ರೆಕಾರ್ಡರ್ ಕೊಳ್ಳುವ ಮುಂಚೆ ಯಾವುದಾದರೂ ಒಂದು ಉದ್ದದ ಸಂದರ್ಶನವನ್ನು ಪೂರ್ತಿ ಕೇಳಿ. ಮೇಲೆ ಹೇಳಿದ ಯೋಜನೆಯ ಸಂದರ್ಶನಗಳನ್ನು ಅಂತರ್ಜಾಲದಲ್ಲೇ ಕೇಳಬಹುದು. ಹೆಸರಾಂತ ನಿರ್ದೇಶಕರದ್ದು ಬೇಡ, ಧ್ವನಿ ವಿಭಾಗದವರದ್ದೋ ಸಂಕಲನದವರದ್ದೋ ಆರಿಸಿ. ಅಲ್ಲಿ ಪ್ರಶ್ನೆ ಕೇಳುವವರೂ ಬಹುಮಟ್ಟಿಗೆ ಅದೇ ಕಸುಬಿನವರು. ಈಲಿಂಗ್ ಸ್ಟುಡಿಯೊದಲ್ಲಿ ಸಂಕಲನಕಾರರಾಗಿ, ನಿರ್ಮಾಪಕರಾಗಿ ಪಳಗಿದ ಸಿಡ್ನಿ ಕೋಲ್ ಅಂಥವರಲ್ಲೊಬ್ಬರು. ಅದರ ಲಾಭ, ನಷ್ಟ ಎರಡನ್ನೂ ಗಮನಿಸಿ. ಒಳಗಿನವರಿಗೆ ಎಲ್ಲಿ ಕೆದಕಬೇಕೆಂದು ಗೊತ್ತು. ಆದರೆ 'ಅದು ನಿಮಗೇ ಗೊತ್ತಲ್ಲ' ಎಂದು ಹಿರಿಯರು ಹಾರಿಸಿಬಿಡುವ ವಿವರವೂ ಬಹಳ. ಹೊರಗಿನ ನಿಮಗೆ ಅವರು ಬಿಡಿಸಿ ಹೇಳಲೇಬೇಕು. ಅಜ್ಞಾನ ಇಲ್ಲಿ ಬಂಡವಾಳ, ನಾಚಿಕೊಳ್ಳಬೇಡಿ.

ಬಿಬಿಸಿಗೂ ತನ್ನದೇ ಸಂಗ್ರಹವಿದೆ. ಯುದ್ಧ ವರದಿಗಾರರಾಗಿ ಹೆಸರು ಮಾಡಿದ ಫ್ರ್ಯಾಂಕ್ ಗಿಲಾರ್ಡ್ 1970ರ ದಶಕದಲ್ಲಿ ಅದನ್ನು ಶುರು ಮಾಡಿದರು. ಒಂದನ್ನು ಕಟ್ಟಿದ್ದು ಕಾರ್ಮಿಕ ಸಂಘ, ಇನ್ನೊಂದನ್ನು ಕಟ್ಟಿದ್ದು ಸಂಸ್ಥೆ. ಒಂದರಲ್ಲಿ ಓವರ್‌ಟೈಮ್ ಜಗಳ, ಇನ್ನೊಂದರಲ್ಲಿ ಮೇಲಧಿಕಾರಿಗಳ ತೀರ್ಮಾನಗಳು. ಎರಡನ್ನೂ ಕೇಳಿದರೆ ಒಂದೇ ಕಟ್ಟಡಕ್ಕೆ ಎರಡು ಬಾಗಿಲಿರುವುದು ತಿಳಿಯುತ್ತದೆ.

ಹಂತ 2: ಯಾರನ್ನು ಮಾತಾಡಿಸಬೇಕು?

ವಯಸ್ಸಿನ ಲೆಕ್ಕ ಹಾಕಿ. 1955ರ ಸೆಪ್ಟೆಂಬರ್ 22ರಂದು ಐಟಿವಿ ಶುರುವಾದಾಗ ಹದಿನಾರರ ವಯಸ್ಸಿಗೆ ಕೆಲಸಕ್ಕೆ ಸೇರಿದವರು ಈಗ ಎಂಬತ್ತೈದು ದಾಟಿದ್ದಾರೆ. ಮೊದಲು ಅವರ ಮನೆ ಕದ ತಟ್ಟಿ, ಅರವತ್ತರವರು ಕಾಯುತ್ತಾರೆ.

ನಟರ ಹಿಂದೆ ಬೀಳಬೇಡಿ, ಅವರ ಮಾತು ಹತ್ತು ಪುಸ್ತಕಗಳಲ್ಲಿದೆ. ಪ್ಲಾಸ್ಟರ್ ಅಚ್ಚು ಹಾಕುತ್ತಿದ್ದವರು, ಉಡುಪು ಇಸ್ತ್ರಿ ಮಾಡುತ್ತಿದ್ದವರು, ಲ್ಯಾಬಿನಲ್ಲಿ ನೆಗೆಟಿವ್ ಕತ್ತರಿಸುತ್ತಿದ್ದ ಹೆಂಗಸರು, ರೇಡಿಯೊ ನಾಟಕಕ್ಕೆ ಸದ್ದು ಹುಟ್ಟಿಸುತ್ತಿದ್ದವರು, ಇವರನ್ನು ಕೇಳಿದವರು ಕಡಿಮೆ.

ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರಿಗೂ ಒಂದು ಕೆಲಸವಿದೆ. ಮೈಸೂರು ಸೀಮೆಯ ಮಾವುತರ ಮನೆಯ ಹುಡುಗ ಸಾಬು, ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯವರ ತಂಡದ ಕಣ್ಣಿಗೆ ಬಿದ್ದು, 1937ರ 'ಎಲಿಫೆಂಟ್ ಬಾಯ್' ಚಿತ್ರದ ನಾಯಕನಾಗಿ ಡೆನ್‌ಹ್ಯಾಮ್ ಸ್ಟುಡಿಯೊ ಸೇರಿದ ಕಥೆ ಗೊತ್ತಿರುವುದೇ. ಆ ಕಾಲದವರು ಈಗಿಲ್ಲ. ಆದರೆ 1984ರಲ್ಲಿ ತೆರೆಕಂಡ ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ಬೆಂಗಳೂರು ಅರಮನೆ ಆವರಣದಲ್ಲಿ ಸೆಟ್ ಹಾಕಿದ್ದರು. ಗುಹೆಗಳ ದೃಶ್ಯಕ್ಕೆ ಸಾವನದುರ್ಗ, ರಾಮನಗರದ ಬೆಟ್ಟಗಳನ್ನು ಆರಿಸಿಕೊಂಡಿದ್ದರು. ಅಂಥ ಯೂನಿಟ್ಟಿಗೆ ಗಾಡಿ ಓಡಿಸಿದವರು, ಲೈಟು ಹೊತ್ತವರು, ಊಟ ಬಡಿಸಿದವರು, ಗುಂಪಿನಲ್ಲಿ ನಿಂತವರು ಇಲ್ಲಿಯವರೂ ಇರುತ್ತಾರೆ. ಬದುಕಿದ್ದರೆ ಅವರಿಗೆ ಈಗ ಅರವತ್ತು, ಎಪ್ಪತ್ತು. ಬ್ರಿಟಿಷ್ ಸಿನಿಮಾ ಚರಿತ್ರೆಯ ಒಂದು ತುಣುಕು ಅವರ ತಲೆಯಲ್ಲಿ ಕನ್ನಡದಲ್ಲೇ ಇದೆ. ಹುಡುಕಿ ಹೋದರೆ ಎಚ್ಚರ: ರಾಮನಗರದಲ್ಲಿ ಶೂಟಿಂಗ್ ಅಂದರೆ ಎಲ್ಲರೂ 'ಶೋಲೆ'ಗೇ ಓಡುತ್ತಾರೆ. ಅದನ್ನೂ ಕೇಳಿ, ಆಮೇಲೆ 'ಇಂಗ್ಲಿಷ್‌ನೋರು ಬಂದಿದ್ರಲ್ಲ ಸ್ವಾಮಿ, ಆಗ?' ಎಂದು ದಾರಿಗೆ ತನ್ನಿ.

ಹಂತ 3: ಮನೆಪಾಠ

ಆ ವ್ಯಕ್ತಿ ಯಾವ ವರ್ಷ ಎಲ್ಲಿದ್ದರು ಎಂಬ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಬಿಬಿಸಿಯವರಾದರೆ 'ಬಿಬಿಸಿ ಜೀನೋಮ್' ತಾಣ ದೊಡ್ಡ ನೆರವು. 1923ರಿಂದ 2009ರವರೆಗಿನ 'ರೇಡಿಯೊ ಟೈಮ್ಸ್' ಪತ್ರಿಕೆಯ ಕಾರ್ಯಕ್ರಮ ಪಟ್ಟಿಗಳನ್ನು ಅಲ್ಲಿ ಹುಡುಕಬಹುದು. ಪಕ್ಕದಲ್ಲೇ ದೊಡ್ಡ ಘಟನೆಗಳನ್ನು ಗುರುತಿಸಿ: ಯುದ್ಧ ಶುರುವಾದಾಗ 1939ರ ಸೆಪ್ಟೆಂಬರಿನಲ್ಲಿ ಟಿವಿ ನಿಂತದ್ದು, 1946ರ ಜೂನಿನಲ್ಲಿ ಮತ್ತೆ ಶುರುವಾದದ್ದು, 1953ರ ರಾಣಿಯ ಪಟ್ಟಾಭಿಷೇಕ, 1964ರ ಬಿಬಿಸಿ 2, 1967ರಲ್ಲಿ ವಿಂಬಲ್ಡನ್ ಟೆನಿಸ್ಸಿನೊಂದಿಗೆ ಬಂದ ಬಣ್ಣ. ಇಸವಿ ಮರೆತವರು ಕೂಡ 'ಪಟ್ಟಾಭಿಷೇಕದ ಮುಂಚೆಯೋ ಆಮೇಲೋ?' ಎಂದರೆ ತಟ್ಟನೆ ಹೇಳುತ್ತಾರೆ. ನಮ್ಮಲ್ಲಿ ಹಿರಿಯರು ಪ್ಲೇಗು ಬಂದ ವರ್ಷ ಎಂದು ಲೆಕ್ಕ ಹಿಡಿಯುತ್ತಿದ್ದರಲ್ಲ, ಹಾಗೆ.

ಕಸುಬಿನ ಮಾತುಗಳನ್ನೂ ಒಂದಿಷ್ಟು ಕಲಿಯಿರಿ. ಬಿಬಿಸಿ ರೇಡಿಯೊದಲ್ಲಿ 'ಸ್ಟುಡಿಯೊ ಮ್ಯಾನೇಜರ್' ಎಂದರೆ ಮ್ಯಾನೇಜರ್ ಅಲ್ಲ, ಧ್ವನಿಯ ಮೇಜಿನ ಮುಂದೆ ಕೂತು ಗುಂಡಿ ತಿರುವುವವರು. ಹೊರಾಂಗಣ ಪ್ರಸಾರದ ದೊಡ್ಡ ವ್ಯಾನನ್ನು 'ಸ್ಕ್ಯಾನರ್' ಎನ್ನುತ್ತಿದ್ದರು. ಸಿನಿಮಾ ಕ್ಯಾಮೆರಾ ವಿಭಾಗದಲ್ಲಿ ಮೆಟ್ಟಿಲು ಖಚಿತ. ಕ್ಲ್ಯಾಪ್ ಹೊಡೆಯುತ್ತ ಫಿಲ್ಮ್ ತುಂಬುವ ಹುಡುಗ, ಫೋಕಸ್ ಎಳೆಯುವವರು, ಆಪರೇಟರ್, ಎಲ್ಲರ ಮೇಲೆ ಲೈಟಿಂಗ್ ಕ್ಯಾಮೆರಾಮನ್. ಒಂದೊಂದು ಮೆಟ್ಟಿಲಿಗೆ ಎಷ್ಟೋ ವರ್ಷ.

ಕೊನೆಗೆ ಕೆಲಸ ಸಿಗುವ ದಾರಿ. ಬ್ರಿಟಿಷ್ ಸ್ಟುಡಿಯೊಗಳಲ್ಲಿ ಬಹುಕಾಲ ಸಂಘದ 'ಟಿಕೆಟ್' (ಸದಸ್ಯತ್ವ) ಇಲ್ಲದವರಿಗೆ ಕೆಲಸವಿರಲಿಲ್ಲ, ಕೆಲಸವಿಲ್ಲದವರಿಗೆ ಟಿಕೆಟ್ ಸಿಗುತ್ತಿರಲಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು! ಹಾಗಿದ್ದೂ ಅಷ್ಟು ಜನ ಒಳಗೆ ಹೋದರಲ್ಲ? ಕೆಲವರು ಲ್ಯಾಬಿನ ಮೂಲಕ, ಕೆಲವರು ಚಿಕ್ಕಪ್ಪನ ಮೂಲಕ, ಕೆಲವರು ಅಂಚೆ ಹಂಚುವ ಹುಡುಗನಾಗಿ. 'ನಿಮಗೆ ಟಿಕೆಟ್ ಸಿಕ್ಕಿದ್ದು ಹೇಗೆ?' ಎಂಬ ಒಂದು ಪ್ರಶ್ನೆ ಅರ್ಧ ಗಂಟೆ ಮಾತು ಕೊಡುತ್ತದೆ.

ಹಂತ 4: ರೆಕಾರ್ಡರ್ ಇಲ್ಲದ ಭೇಟಿ

ಮೊದಲು ಒಂದು ಪತ್ರ, ಆಮೇಲೆ ಫೋನು, ಆಮೇಲೆ ಬರಿಗೈಯಲ್ಲಿ ಚಹಾಕ್ಕೆ. ಏನೆಂದು ಕರೆಯಬೇಕೆಂದು ಅವರನ್ನೇ ಕೇಳಿ. ತೊಂಬತ್ತರ ಹಿರಿಯರನ್ನು ಬರೀ 'ಪೀಟರ್' ಎನ್ನಲು ನಮ್ಮ ನಾಲಿಗೆ ತಡವರಿಸುತ್ತದೆ, ಅಲ್ಲಿ ಸೆಟ್ಟಿನಲ್ಲಿ ಬೆಳೆದವರಿಗೆ 'ಸರ್' ಅಂದರೆ ಇರಿಸುಮುರಿಸು.

ಈ ಭೇಟಿಯಲ್ಲಿ ಕಥೆ ಕೇಳಬೇಡಿ. ಒಳ್ಳೆಯ ಕಥೆಯೊಂದನ್ನು ಚಹಾದ ಜೊತೆ ಹೇಳಿಬಿಟ್ಟರೆ ರೆಕಾರ್ಡಿಂಗ್ ದಿನ 'ಅವತ್ತೇ ಹೇಳಿದೆನಲ್ಲ' ಎಂದು ಎರಡು ವಾಕ್ಯದಲ್ಲಿ ಮುಗಿಸುತ್ತಾರೆ. ಅಟ್ಟದ ಮೇಲಿನ ಪೆಟ್ಟಿಗೆಯ ಬಗ್ಗೆ ವಿಚಾರಿಸಿ: ದಿನದ ಕಾಲ್‌ಶೀಟ್, ಸಂಬಳದ ಚೀಟಿ, ಸಂಘದ ಕಾರ್ಡು, ಡೈರಿ, ಯೂನಿಟ್ಟಿನ ಗುಂಪು ಫೋಟೊ. ಮುಂದಿನ ಸಲ ಅವು ಮೇಜಿನ ಮೇಲಿರಲಿ.

ಹಂತ 5: ಕಾಗದಪತ್ರ

ಬೇಸರದ ಕೆಲಸ, ಬಿಡುವಂತಿಲ್ಲ. ಬ್ರಿಟನ್ನಿನ 1988ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ರೆಕಾರ್ಡ್ ಆದ ಮಾತಿನ ಹಕ್ಕು ಮಾತಾಡಿದವರದ್ದು, ರೆಕಾರ್ಡಿಂಗಿನ ಹಕ್ಕು ಮಾಡಿಸಿದವರದ್ದು. ಮಾತಾಡಿದವರ ಲಿಖಿತ ಒಪ್ಪಿಗೆ ಇಲ್ಲದಿದ್ದರೆ ನಿಮ್ಮ ಫೈಲನ್ನು ಯಾವ ಆರ್ಕೈವ್ ಕೂಡ ಮುಟ್ಟುವುದಿಲ್ಲ. 1973ರಲ್ಲಿ ಹುಟ್ಟಿದ ಓರಲ್ ಹಿಸ್ಟರಿ ಸೊಸೈಟಿ ಈ ಬಗ್ಗೆ ಸಲಹೆ ಕೊಡುತ್ತದೆ. ಬದುಕಿರುವವರ ಮೇಲೆ ಆರೋಪ ಬಂದರೆ ಮಾನನಷ್ಟದ ತೊಡಕು ಇದೆ. ಅಂಥ ಭಾಗವನ್ನು ಕೆಲವು ವರ್ಷ ಮುಚ್ಚಿಡಬಹುದು ಎಂದು ಮೊದಲೇ ಹೇಳಿ. ಆ ಭರವಸೆ ಸಿಕ್ಕ ಮೇಲೆ ಜನ ನಿರಾಳವಾಗಿ ಮಾತಾಡುತ್ತಾರೆ.

ಹಂತ 6: ಕೋಣೆ, ಮೈಕ್, ಫ್ರಿಜ್ಜು

ಚಿಕ್ಕದೊಂದು ರೆಕಾರ್ಡರ್, ಅಂಗಿಗೆ ಸಿಕ್ಕಿಸುವ ಎರಡು ಮೈಕ್, ಹೆಡ್‌ಫೋನ್, ಹೆಚ್ಚುವರಿ ಬ್ಯಾಟರಿ. ಇಷ್ಟು ಸಾಕು. ಎಂಪಿ3 ಬೇಡ, ವೇವ್ ಫೈಲ್ ಇರಲಿ: 48 ಕಿಲೊಹರ್ಟ್ಸ್, 24 ಬಿಟ್. ಎರಡು ಮೈಕಿನ ಒಂದು ಗಂಟೆಗೆ ಸುಮಾರು 1 ಜಿಬಿ ಜಾಗ ಬೇಕು.

ಅಡುಗೆಮನೆ ಬೇಡ, ಕಾರ್ಪೆಟ್, ಪರದೆ ಇರುವ ಕೋಣೆ ಒಳ್ಳೆಯದು. ಗಡಿಯಾರದ ಟಿಕ್‌ಟಿಕ್ ಕೇಳಿಸಿದರೆ ಹೊರಗಿಡಿ. ಫ್ರಿಜ್ಜಿನ ಗುಂಯ್‌ಗುಡುವಿಕೆ ಬಂದರೆ, ಮನೆಯವರ ಒಪ್ಪಿಗೆ ಕೇಳಿ ಅದನ್ನು ಆರಿಸಿ, ನಿಮ್ಮ ಕಾರಿನ ಕೀಲಿಯನ್ನು ಅದರೊಳಗೆ ಇಟ್ಟುಬಿಡಿ. ಹೊರಡುವಾಗ ಕೀಲಿ ಹುಡುಕಿದಾಗ ಫ್ರಿಜ್ ಮತ್ತೆ ಹಾಕಬೇಕೆಂಬುದು ನೆನಪಾಗುತ್ತದೆ. ಇದು ಧ್ವನಿ ಮುದ್ರಕರ ಹಳೆಯ ಉಪಾಯ. ಅಂದ ಹಾಗೆ, ನಿಮ್ಮ ಎದುರಿರುವವರೇ ಧ್ವನಿ ಮುದ್ರಕರಾಗಿದ್ದರೆ ಮೈಕನ್ನು ಅವರ ಕೈಗೇ ಕೊಡಿ. ಕೊಡದಿದ್ದರೂ ಅವರೇ ಎದ್ದು ಬಂದು ಸರಿಮಾಡುತ್ತಾರೆ!

ಶುರುವಿಗೆ ನಿಮ್ಮ ಹೆಸರು, ಅವರ ಹೆಸರು, ದಿನಾಂಕ, ಸ್ಥಳ ಹೇಳಿ. ಕೊನೆಗೆ ಅರ್ಧ ನಿಮಿಷ ಯಾರೂ ಮಾತಾಡದೆ ಕೋಣೆಯ ಸದ್ದನ್ನು ಹಿಡಿಯಿರಿ, ಮುಂದೆ ಎಡಿಟ್ ಮಾಡುವವರಿಗೆ ಬೇಕಾಗುತ್ತದೆ.

ಹಂತ 7: ಕೂತು ಮಾತಾಡಿಸುವುದು

ಹುಟ್ಟಿದ ಊರು, ಅಪ್ಪ ಅಮ್ಮನ ಕೆಲಸ, ಓದು, ಮೊದಲು ನೋಡಿದ ಸಿನಿಮಾ ಅಥವಾ ಮನೆಗೆ ಬಂದ ಮೊದಲ ರೇಡಿಯೊ. ಇಲ್ಲಿಂದ ಶುರು ಮಾಡಿದರೆ ಗಂಟಲು ಸಡಿಲವಾಗುತ್ತದೆ, ಯಾವ ವರ್ಗದ ಮಕ್ಕಳು ಈ ಕಸುಬಿಗೆ ಬಂದರು ಎಂಬುದೂ ದಾಖಲಾಗುತ್ತದೆ.

ಆಮೇಲೆ ಕೆಲಸದ ಮೊದಲ ದಿನ. ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಅಭಿಪ್ರಾಯ ಕೇಳಬೇಡಿ, ಕೈ ಏನು ಮಾಡಿತು ಎಂದು ಕೇಳಿ. 'ಆ ಕಾಲದ ಸ್ಟುಡಿಯೊ ಹೇಗಿತ್ತು?' ಎಂದರೆ 'ಒಂದೇ ಕುಟುಂಬದ ಹಾಗೆ ಇದ್ದೆವು' ಎಂಬ ಉತ್ತರ ಬರುತ್ತದೆ. ಎಲ್ಲರೂ ಹೇಳುವುದು ಅದನ್ನೇ, ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. 'ಮೊದಲ ದಿನ ಯಾವ ಬಾಗಿಲಿನಿಂದ ಒಳಗೆ ಹೋದಿರಿ? ಎದುರಿಗೆ ಯಾರು ಸಿಕ್ಕರು? ಕೈಗೆ ಏನು ಕೊಟ್ಟರು?' ಎಂದು ಕೇಳಿ ನೋಡಿ.

ಕ್ಲ್ಯಾಪರ್ ಲೋಡರ್ ಆಗಿದ್ದವರನ್ನೇ ತೆಗೆದುಕೊಳ್ಳಿ. ಸಾವಿರ ಅಡಿಯ 35 ಎಂಎಂ ರೀಲು ಓಡುವುದು ಸುಮಾರು ಹನ್ನೊಂದು ನಿಮಿಷ. ಆಮೇಲೆ ಹೊಸದನ್ನು ತುಂಬಬೇಕು, ಅದೂ ಕಗ್ಗತ್ತಲಲ್ಲಿ. ಕತ್ತಲೆ ಕೋಣೆ ಇಲ್ಲದಿದ್ದರೆ ಕಪ್ಪು ಚೀಲದೊಳಗೆ ಮೊಣಕೈವರೆಗೆ ತೋಳು ತೂರಿಸಿ, ಬೆರಳಲ್ಲೇ ತೂತುಗಳ ಅಂಚು ಹುಡುಕಿ, ಲೇಪ ಇರುವ ಮೈ ಯಾವುದೆಂದು ತಡವಿ, ಮ್ಯಾಗಜೀನಿನೊಳಗೆ ಸುತ್ತಬೇಕು. ತುಂಬಿದ್ದನ್ನು, ಮುಗಿದದ್ದನ್ನು ಟೇಪು ಸುತ್ತಿ, ಹೆಸರು ಬರೆದು ಬೇರೆ ಬೇರೆ ಇಡಬೇಕು. ಬೆಳಕು ತಾಗಿದರೆ ಇಡೀ ಯೂನಿಟ್ಟಿನ ಬೆಳಗಿನ ದುಡಿಮೆ ಮಣ್ಣುಪಾಲು, ತಪ್ಪು ಹದಿನೇಳರ ಹುಡುಗನ ತಲೆಗೆ. ಹಳೆಯ ಲೋಡರುಗಳಿಗೆ 'ತೋರಿಸಿ ನೋಡೋಣ' ಎಂದರೆ ಕುರ್ಚಿಯಲ್ಲೇ ಕೂತು, ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಾಡಿಸಿ ತೋರಿಸುತ್ತಾರೆ. ರೆಕಾರ್ಡರಿಗೆ ಅದು ಕಾಣದು. ಹಾಗಾಗಿ ನೀವು ಬಾಯಿಬಿಟ್ಟು ಹೇಳಬೇಕು: 'ಎಡಗೈ ಹೆಬ್ಬೆರಳಿನಿಂದ ಅಂಚು ಒತ್ತುತ್ತಿದ್ದೀರಿ, ಅಲ್ಲವೇ?'

ದೊಡ್ಡ ಹೆಸರುಗಳು ಬಂದೇ ಬರುತ್ತವೆ. ನಿವೃತ್ತರೆಲ್ಲರ ಬಳಿ ಐದಾರು ಪಾಲಿಶ್ ಮಾಡಿಟ್ಟ ಕಥೆಗಳಿರುತ್ತವೆ, ಕ್ಲಬ್ಬಿನಲ್ಲಿ ಹೇಳಿ ಹೇಳಿ ಬಾಯಿಪಾಠವಾದವು. ತಡೆಯಬೇಡಿ, ಹೇಳಲಿ, ನಗಿರಿ. ಆಮೇಲೆ ಆ ಕಥೆಯ ಪಕ್ಕದಿಂದ ಒಳನುಗ್ಗಿ. 1947ರ 'ಬ್ಲ್ಯಾಕ್ ನಾರ್ಸಿಸಸ್' ಇದಕ್ಕೆ ಒಳ್ಳೆಯ ಮಾದರಿ. ಹಿಮಾಲಯದ ಆ ಚಿತ್ರಕ್ಕಾಗಿ ಯಾರೂ ಭಾರತಕ್ಕೆ ಬರಲಿಲ್ಲ. ಬೆಟ್ಟ, ಪ್ರಪಾತ ಎಲ್ಲ ಹುಟ್ಟಿದ್ದು ಪೈನ್‌ವುಡ್‌ನಲ್ಲಿ, ಬಣ್ಣ ಬಳಿದ ಗಾಜು, ಪ್ಲಾಸ್ಟರುಗಳಿಂದ. ಛಾಯಾಗ್ರಹಣಕ್ಕೆ ಜ್ಯಾಕ್ ಕಾರ್ಡಿಫ್ ಆಸ್ಕರ್ ಪಡೆದರು, ನಮ್ಮ ಸಾಬು ಅದರಲ್ಲಿ ರಾಜಕುಮಾರನ ಪಾತ್ರ ಮಾಡಿದ. ಇಷ್ಟೆಲ್ಲ ಪುಸ್ತಕದಲ್ಲಿದೆ. ಆಗಿನ ಟೆಕ್ನಿಕಲರ್ ಕ್ಯಾಮೆರಾದೊಳಗೆ ಒಟ್ಟಿಗೆ ಮೂರು ನೆಗೆಟಿವ್ ಓಡುತ್ತಿದ್ದವು, ಅದಕ್ಕೆ ಕಣ್ಣು ಕುಕ್ಕುವಷ್ಟು ಬೆಳಕು ಬೇಕಿತ್ತು. ಅಂಥ ಸೆಟ್ಟಿನಲ್ಲಿ ದುಡಿದವರು ಸಿಕ್ಕರೆ ಕೇಳಬೇಕಾದದ್ದು ಬೇರೆ. ಮೇಲೆ ತೊಲೆಯ ಮೇಲೆ ಆರ್ಕ್ ಲೈಟಿನ ಪಕ್ಕ ಎಷ್ಟು ಹೊತ್ತು ಕೂರುತ್ತಿದ್ದಿರಿ? ಬಾಯಾರಿದರೆ ನೀರು ಯಾರು ತರುತ್ತಿದ್ದರು? ಸೆಕೆಗೆ ನಟಿಯ ಬಣ್ಣ ಕರಗಿದರೆ ಶೂಟಿಂಗ್ ನಿಲ್ಲಿಸಿ ಎನ್ನುವ ಅಧಿಕಾರ ಯಾರಿಗಿತ್ತು?

ದುಡ್ಡಿನ ಪ್ರಶ್ನೆಗೆ ಸಂಕೋಚ ಬೇಡ. ವಾರಕ್ಕೆ ಎಷ್ಟು, ಬಾಡಿಗೆಗೆ ಎಷ್ಟು ಹೋಗುತ್ತಿತ್ತು, ಪಕ್ಕದವರಿಗೆ ಎಷ್ಟು? ಮುಷ್ಕರವನ್ನೂ ಕೇಳಿ. 1979ರಲ್ಲಿ ಐಟಿವಿ ಆಗಸ್ಟಿನಿಂದ ಅಕ್ಟೋಬರಿನವರೆಗೆ ಹೆಚ್ಚುಕಡಿಮೆ ದೇಶದಾದ್ಯಂತ ಬಾಗಿಲು ಹಾಕಿತ್ತು. ಆ ವಾರಗಳಲ್ಲಿ ಮನೆ ಹೇಗೆ ನಡೆಯಿತು ಎಂಬುದು ಯಾವ ಕಾರ್ಯಕ್ರಮ ಪಟ್ಟಿಯಲ್ಲೂ ಇಲ್ಲ.

ಹೆಂಗಸರನ್ನು ಮಾತಾಡಿಸುವಾಗ ವೃತ್ತಿ ಅಂದರೆ ಮೇಲೇರುವ ಮೆಟ್ಟಿಲು ಎಂದುಕೊಂಡು ಹೋಗಬೇಡಿ. ಬಿಬಿಸಿ 1932ರಿಂದ 1944ರವರೆಗೆ ಮದುವೆಯಾದ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಕ್ಕೆ ನಿರ್ಬಂಧ ಹಾಕಿತ್ತು. ಕೇ ಮ್ಯಾಂಡರ್ ಯುದ್ಧಕಾಲದಲ್ಲಿ ಸಾಕ್ಷ್ಯಚಿತ್ರಗಳನ್ನು ನಿರ್ದೇಶಿಸಿದರು. ಆದರೆ ಕಥಾಚಿತ್ರಗಳ ಲೋಕದಲ್ಲಿ ಅವರು ಬಹುಕಾಲ ದುಡಿದದ್ದು ಶಾಟಿನಿಂದ ಶಾಟಿಗೆ ವಿವರ ತಾಳೆ ನೋಡುವ ಕಂಟಿನ್ಯೂಟಿ ವಿಭಾಗದಲ್ಲಿ. 1963ರ ಜೇಮ್ಸ್ ಬಾಂಡ್ ಚಿತ್ರ 'ಫ್ರಮ್ ರಷ್ಯಾ ವಿತ್ ಲವ್'ನಲ್ಲೂ ಅವರದ್ದು ಅದೇ ಕೆಲಸ. ಅಂಥವರನ್ನು 'ನಿರ್ದೇಶನ ಯಾಕೆ ಬಿಟ್ಟಿರಿ?' ಎಂದು ನೇರವಾಗಿ ಕೇಳಿದರೆ ಚುಚ್ಚಿದಂತಾಗುತ್ತದೆ. 'ಆ ವರ್ಷ ಯಾರು ಯಾರು ಫೋನ್ ಮಾಡುತ್ತಿದ್ದರು?' ಎಂದರೆ ಉತ್ತರ ತಾನಾಗಿ ಬರುತ್ತದೆ.

ಮಾತು ನಿಂತಾಗ ನೀವು ತುಂಬಬೇಡಿ. ಅವರು ಚಹಾ ಲೋಟದತ್ತ ನೋಡುತ್ತ ಕೂತರೆ ನೀವೂ ಕೂರಿ, ಮುಂದಿನ ವಾಕ್ಯ ಆಗಲೇ ಬರುವುದು. ಒಂದು ಕೂರಿಕೆಗೆ ತೊಂಬತ್ತು ನಿಮಿಷ ಸಾಕು. ದಣಿದ ಮೇಲೆ ಎಲ್ಲರೂ ಪಾಲಿಶ್ ಕಥೆಗಳಿಗೇ ಮರಳುತ್ತಾರೆ.

ಹಂತ 8: ಅದೇ ರಾತ್ರಿ

ಫೈಲಿಗೆ ಹೆಸರು, ದಿನಾಂಕ ಕೊಟ್ಟು ಮೂರು ಪ್ರತಿ ಮಾಡಿ. ಒಂದು ಬೇರೆ ಮನೆಯಲ್ಲಿರಲಿ. ಅಷ್ಟಾದ ಮೇಲೆ ಊಟ.

ಹಂತ 9: ಬರಹಕ್ಕೆ ಇಳಿಸುವುದು, ತಾಳೆ ನೋಡುವುದು

ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಹೊಸಬರಿಗೆ ಆರೇಳು ಗಂಟೆ ಬೇಕು. ಪುರುಸೊತ್ತಿಲ್ಲದಿದ್ದರೆ ಐದೈದು ನಿಮಿಷಕ್ಕೊಂದು ಸಾರಾಂಶವಾದರೂ ಬರೆಯಿರಿ. ಕಂಪ್ಯೂಟರಿಗೆ ಒಪ್ಪಿಸಿದರೆ ಲೈಟು ವಿಭಾಗದ ಮುಖ್ಯಸ್ಥ 'ಗ್ಯಾಫರ್' ಯಾವುದೋ ಊರಿನ ಹೆಸರಾಗಿ ಹೊರಬರಬಹುದು. ಕಸುಬಿನ ಮಾತನ್ನು, ಹೆಸರುಗಳ ಅಕ್ಷರವನ್ನು ನೀವೇ ನೋಡಬೇಕು.

ನೆನಪು ತಪ್ಪುತ್ತದೆ, ತಪ್ಪಲಿ. ಪಟ್ಟಾಭಿಷೇಕವನ್ನು ಟಿವಿಯಲ್ಲಿ ಬಣ್ಣದಲ್ಲಿ ತೋರಿಸಿದೆವು ಎಂದು ಯಾರಾದರೂ ಹೇಳಿದರೆ ಎಗರಿ ಬೀಳಬೇಡಿ. 1953ರ ಟಿವಿ ಪ್ರಸಾರ ಕಪ್ಪು ಬಿಳುಪು. ಬಣ್ಣದಲ್ಲಿದ್ದದ್ದು ಆಗಲೇ ಥಿಯೇಟರುಗಳಿಗೆ ಬಂದ 'ಎ ಕ್ವೀನ್ ಈಸ್ ಕ್ರೌನ್ಡ್' ಎಂಬ ಟೆಕ್ನಿಕಲರ್ ಚಿತ್ರ. ಎರಡೂ ಮನಸ್ಸಿನಲ್ಲಿ ಬೆರೆತಿವೆ. ಅವರ ಮಾತನ್ನು ಹಾಗೆಯೇ ಬಿಟ್ಟು ಅಡಿಟಿಪ್ಪಣಿ ಹಾಕಿ. ತಿದ್ದಿದರೆ, ಆ ಬಣ್ಣದ ಚಿತ್ರ ಟಿವಿಯವರ ತಲೆಯೊಳಗೂ ಎಷ್ಟು ಗಟ್ಟಿಯಾಗಿ ಕೂತಿತ್ತು ಎಂಬ ಸಂಗತಿಯೇ ಅಳಿಸಿಹೋಗುತ್ತದೆ.

ಹಂತ 10: ಎಲ್ಲಿ ಇಡುವುದು?

ನಿಮ್ಮ ಲ್ಯಾಪ್‌ಟಾಪಿನಲ್ಲಿ ಅಂತೂ ಅಲ್ಲ. ಸಿನಿಮಾ-ಟಿವಿಯವರಾದರೆ ಮೊದಲೇ ಹೇಳಿದ ಹಿಸ್ಟರಿ ಪ್ರಾಜೆಕ್ಟಿಗೆ, ಇಲ್ಲವೇ ಆ ಜಿಲ್ಲೆಯ ದಾಖಲೆ ಕಚೇರಿಗೆ ಬರೆಯಿರಿ. ರೆಕಾರ್ಡ್ ಮಾಡುವ ಮುಂಚೆಯೇ ಬರೆದರೆ ಇನ್ನೂ ಒಳ್ಳೆಯದು, ಅವರಿಗೆ ಯಾವ ಒಪ್ಪಿಗೆ ಪತ್ರ, ಯಾವ ಬಗೆಯ ಫೈಲು ಬೇಕೆಂದು ಆಗಲೇ ತಿಳಿಯುತ್ತದೆ. ಕರ್ನಾಟಕದಲ್ಲಿ ಮಾಡಿದ ಕನ್ನಡ ಸಂದರ್ಶನವಾದರೆ ಮೂಲ ಧ್ವನಿ ಕನ್ನಡದಲ್ಲೇ ಇರಲಿ, ಜೊತೆಗೆ ಇಂಗ್ಲಿಷಿನಲ್ಲಿ ಎರಡು ಪುಟದ ಸಾರಾಂಶ ಸೇರಿಸಿ. ಡೇವಿಡ್ ಲೀನ್ ಬಗ್ಗೆ ಲಂಡನ್ನಿನಲ್ಲಿ ಹುಡುಕುವವರಿಗೆ ಸಾವನದುರ್ಗದ ಲೈಟ್‌ಬಾಯ್ ಸಿಗುವುದು ಹಾಗೆ.

ಮಾತಾಡಿದವರಿಗೆ ಒಂದು ಪ್ರತಿ, ಮಕ್ಕಳಿಗೆ ಇನ್ನೊಂದು. ಕೊಡಲು ಹೋದಾಗ 'ಇನ್ನು ಯಾರನ್ನು ಕೇಳಬೇಕು?' ಎಂದು ವಿಚಾರಿಸಿ. ಅವರ ಹಳೆಯ ವಿಳಾಸದ ಪುಸ್ತಕ ಹೊರಬರುತ್ತದೆ. ಅದರಲ್ಲಿ ಅರ್ಧ ಹೆಸರುಗಳಿಗೆ ಆಗಲೇ ಗೆರೆ ಎಳೆದಿರುತ್ತಾರೆ. ಉಳಿದವರಲ್ಲಿ ಎಲ್ಲರಿಗಿಂತ ಹಿರಿಯರು ಯಾರೆಂದು ಕೇಳಿ, ಅವರಿಗೆ ಅಲ್ಲಿಂದಲೇ ಫೋನ್ ಮಾಡಿಸಿ. ಅಪರಿಚಿತರಾದ ನಿಮ್ಮ ಪತ್ರಕ್ಕಿಂತ ಹಳೆಯ ಜೊತೆಗಾರನ ಒಂದು ಕರೆಗೆ ಬೆಲೆ ಹೆಚ್ಚು.